ಬೀದರಿನಲ್ಲಿ ಇಳಿಯದ ಸ್ವರ

"ಕರಿ ಎರಡು," ಎಂದರು ಅಕ್ಕೋರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಕರಿ ಎರಡು." ಉಪಗ್ರಹ ಮರಾಠವಾಡದ ಕಡೆಯಿಂದ ಎದ್ದು, ನಮ್ಮ ನೆತ್ತಿ ದಾಟಿ, ತೆಲಂಗಾಣದ ಕಡೆ ಮುಳುಗುವ ತನಕ ಅವರ ಬೆರಳು ಹಾರ್ಮೋನಿಯಂನ ಆ ಒಂದೇ ಕರಿ ಮನೆಯ ಮೇಲಿತ್ತು. ನಾನು ಗಡಿಯಾರ ನೋಡಿಕೊಂಡು ಕರಿ ಎರಡು, ಕರಿ ಎರಡು ಎಂದು ಬರೆದುಕೊಂಡೆ. ಬರೆಯುತ್ತ ಬರೆಯುತ್ತ ಕೈಗೆ ಬೇಸರ ಬಂತು, ಮನಸ್ಸಿಗೆ ಸಿಟ್ಟು ಬಂತು.

ಬೀದರು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಆಗುತ್ತ ಬಂದಿತ್ತು. ನೌಬಾದದ ಕಡೆ ಬಯಲಿನಲ್ಲಿ ಎರಡು ಕೋಣೆಯ ಒಂದು ಸರ್ಕಾರಿ ವೈರ್‌ಲೆಸ್ ಠಾಣೆ. ಅಲ್ಲಿ ನಾನು ಸಹಾಯಕ, ಉಸ್ತಾದರು ಮುಖ್ಯಸ್ಥರು. ಉಸ್ತಾದರು ಎಂದು ಕರೆಯುತ್ತಿದ್ದವನು ನಾನೊಬ್ಬನೇ ಅಲ್ಲ. ನಿಜಾಮರ ಕಾಲದಿಂದ ಈ ಭಾಗದಲ್ಲಿ ತಂತಿಭಾಷೆಯ ಕಟ್ಟ-ಕಡ ಕಲಿತವರೆಲ್ಲ ಒಂದಲ್ಲ ಒಂದು ದಿನ ಅವರ ಮುಂದೆ ಕೂತು ಬೈಸಿಕೊಂಡವರೇ. ಹಲಬರ್ಗಾದಿಂದ ಬಂದ ನನ್ನಂಥ ಒರಟನಿಗೂ ಅವರು ಕೇಳುವ ಕಿವಿ ಕೊಟ್ಟಿದ್ದರು.

ಆ ವರ್ಷ ರಷ್ಯಾದವರ ಮೂರನೆಯ ಉಪಗ್ರಹ ಆಕಾಶದಲ್ಲಿ ಸುತ್ತುತ್ತ, ನಿಲ್ಲದೆ ಬೀಪ್ ಬೀಪ್ ಎನ್ನುತ್ತಿತ್ತು. ಬೆಂಗಳೂರಿನ ನಮ್ಮ ಮೇಲಧಿಕಾರಿಯೊಬ್ಬರಿಗೆ ಅದರ ಹುಚ್ಚು. ದೂರದೇಶಗಳಲ್ಲಿ ಇಂಥ ಕೆಲಸಕ್ಕೆ ಬಾಣಲೆಯಂಥ ರೇಡಿಯೋ ದೂರದರ್ಶಕಗಳಿವೆಯಂತೆ. ನಮ್ಮದು ಎರಡು ಕಂಬಗಳ ನಡುವೆ ಎಳೆದ ತಂತಿ. ಆದರೂ ಲೆಕ್ಕ ಒಂದೇ ಎಂದು ಅವರು ಬರೆದಿದ್ದರು. ಹಲಬರ್ಗಾದ ಸ್ಟೇಶನ್ನಿನಲ್ಲಿ ನಿಲ್ಲದೆ ಹೋಗುವ ಗಾಡಿ ಸೀಟಿ ಊದುತ್ತ ಬಂದರೆ, ಬರುವಾಗ ದನಿ ಏರಿರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ. ಉಪಗ್ರಹದ ದನಿಯೂ ಹಾಗೇ ಇಳಿಯಬೇಕು. ಎಷ್ಟು ಇಳಿಯಿತು ಎಂಬುದರಿಂದ ಅದರ ವೇಗ ತಿಳಿಯುತ್ತದೆ. ಯಾವ ಗಳಿಗೆಯಲ್ಲಿ ಗಕ್ಕನೆ ಇಳಿಯಿತೋ ಆಗ ಅದು ನಮಗೆ ಅತಿ ಹತ್ತಿರದಲ್ಲಿತ್ತು ಎಂದು ತಿಳಿಯುತ್ತದೆ. ಅದು ಎಷ್ಟು ಬೇಗ ಇಳಿಯಿತು ಎಂಬುದರಿಂದ ಎಷ್ಟು ದೂರದಲ್ಲಿ ಹಾದುಹೋಯಿತು ಎಂದೂ ಹೇಳಬಹುದು.

ದನಿಯನ್ನು ಅಳೆಯುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಹಾರ್ಮೋನಿಯಂ ತರಿಸೋಣ ಎಂದವರು ಉಸ್ತಾದರೇ. ಭಾಲ್ಕಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಹಾಡು ಕಲಿಸುವ ಅಕ್ಕೋರೊಬ್ಬರಿದ್ದರು. ಅಪ್ಪನ ಭಜನಾ ಮೇಳದಲ್ಲಿ ಸಣ್ಣವರಿದ್ದಾಗಿನಿಂದ ಪೆಟ್ಟಿಗೆ ಬಾರಿಸಿದವರು. ಕಿವಿ ಎಂದರೆ ಕಿವಿ. ರಿಸೀವರಿನ ದನಿ ಕೇಳಿ, ಅದಕ್ಕೆ ಕೂಡುವ ಮನೆ ಒತ್ತಿ, ಹೆಸರು ಹೇಳುವುದು ಅವರ ಕೆಲಸ. ಮೊದಲೇ ಎದ್ದು ಸೆಟ್ಟನ್ನು ಬಿಸಿಮಾಡಿ, ಕಾಲಸೂಚನೆ ಕೊಡುವ ಪರದೇಶದ ಸ್ಟೇಶನ್ನಿಗೆ ಗಡಿಯಾರ ಹೊಂದಿಸಿ, ಹೇಳಿದ್ದನ್ನು ಬರೆದುಕೊಳ್ಳುವುದು ನನ್ನದು. ಸೆಟ್ಟಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಗದ್ದಲದ ನಡುವಿನಿಂದ ಆ ಬೀಪನ್ನು ಹೆಕ್ಕುವುದು ಉಸ್ತಾದರದ್ದು. ಅಕ್ಕೋರಿಗೆ ಕೇಳಲೆಂದು ಪಕ್ಕದಲ್ಲಿ ಒಂದು ಸ್ಪೀಕರನ್ನೂ ಜೋಡಿಸಿದ್ದೆವು.

ಎಲ್ಲವೂ ಸರಿಯಿತ್ತು, ದನಿ ಮಾತ್ರ ಇಳಿಯಲೊಲ್ಲದು. ಉಪಗ್ರಹ ಹಾಯುವ ಬೆಳಗಿನ ಹಾದಿಯಲ್ಲೂ ಕರಿ ಎರಡು, ಸಂಜೆಯ ಹಾದಿಯಲ್ಲೂ ಕರಿ ಎರಡು. ಬ್ಯಾಟರಿ ಬದಲಿಸಿದೆವು, ವಾಲ್ವ್ ಬದಲಿಸಿದೆವು, ತಂತಿಯ ದಿಕ್ಕು ಬದಲಿಸಿದೆವು. ಬದಲಿಸಲು ಇನ್ನೇನೂ ಉಳಿಯದಿದ್ದಾಗ ನಾನು ಅಕ್ಕೋರ ಕಡೆ ತಿರುಗಿದೆ.

"ಅಕ್ಕೋರ, ನಿಮ್ಮ ಪೆಟ್ಟಿಗಿ ಒಮ್ಮೆ ದುರಸ್ತಿಗೆ ಕೊಡ್ತೀರೇನ್ರಿ?"

"ಪೆಟ್ಟಿಗಿ ಶ್ರುತಿ ಸುದ್ದ ಅದರಿ," ಎಂದರು. ಅಷ್ಟೇ. ಕಣ್ಣು ಮಾತ್ರ ನನ್ನನ್ನು ದಾಟಿ ಸೆಟ್ಟಿನ ಕಡೆ ಹೋಗಿ ಬಂತು. ಆಗ ನನಗೆ ಅದರ ಅರ್ಥ ಆಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾನೇ ಮನಸ್ಸಿನಲ್ಲಿ ಅವರಿಗೆ ಅನ್ವಯಿಸಿಕೊಂಡು ಸುಮ್ಮನಾದೆ. ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ.

ಉಸ್ತಾದರು ಬೆಂಗಳೂರಿಗೆ ಇದ್ದದ್ದನ್ನು ಇದ್ದಂತೆ ತಂತಿ ಹೊಡೆಸಿದರು. ಬೀದರಿನಲ್ಲಿ ದನಿ ಬದಲಾಗುವುದಿಲ್ಲ ಎಂದು. ಅಧಿಕಾರಿಯಿಂದ ಉತ್ತರವೂ ಬಂತು. ನೀವು ಕೇಳುತ್ತಿರುವುದು ಉಪಗ್ರಹವನ್ನೋ ನೆಲದ ಮೇಲಿನ ಯಾವುದೋ ಸ್ಟೇಶನ್ನನ್ನೋ ಎಂಬ ಅನುಮಾನವಿದೆ, ನಾನೇ ಬಂದು ನೋಡುತ್ತೇನೆ, ಅಷ್ಟರಲ್ಲಿ ಔರಾದದಲ್ಲಿ ಇನ್ನೊಂದು ಸೆಟ್ಟು ಇಟ್ಟು ತಾಳೆ ನೋಡಿ, ಮುಖ್ಯಸ್ಥರ ದರ್ಜೆಯ ವಿಷಯವನ್ನೂ ಆ ಭೇಟಿಯಲ್ಲೇ ತೀರ್ಮಾನಿಸಲಾಗುವುದು ಎಂದಿತ್ತು.

ಈ ಕೊನೆಯ ಮಾತು ಸಣ್ಣದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಪಾಸಾದ ಉಸ್ತಾದರ ಪರೀಕ್ಷೆಯನ್ನು ಹೊಸ ರಾಜ್ಯ ಇನ್ನೂ ಮಾನ್ಯ ಮಾಡಿರಲಿಲ್ಲ. ಮಾಡಿದರೆ ಅವರು ಮೊದಲ ದರ್ಜೆಯ ಆಪರೇಟರ್, ಠಾಣೆ ಅವರದೇ. ಮಾಡದಿದ್ದರೆ ಸಹಾಯಕರಾಗಿ ಇಳಿಯಬೇಕು. ಹೊಸ ಪರೀಕ್ಷೆಯನ್ನು ಹೊಸ ರಾಜ್ಯದಲ್ಲಿ ಪಾಸು ಮಾಡಿದ್ದವನು ಆ ಠಾಣೆಯಲ್ಲಿ ಒಬ್ಬನೇ ಇದ್ದ. ಅವನು ನಾನು. ಅಂದರೆ ನನ್ನ ಕೈಕೆಳಗೆ ಅವರು. ಉಸ್ತಾದರು ಕನ್ನಡದಲ್ಲಿದ್ದ ಆ ಕಾಗದವನ್ನು ನನ್ನಿಂದ ಓದಿಸಿಕೊಂಡು, ಮಡಚಿ, "ನೀ ಔರಾದಕ್ಕ ಹೋಗಿ ಬಾ ಬೇಟಾ. ಸೆಟ್ ಜ್ವಾಕಿ," ಎಂದರು.

ಜನವಾಡ ದಾಟಿ, ಮಾಂಜ್ರಾ ದಾಟಿ ಔರಾದಕ್ಕೆ ಹೋದೆ. ಜೀಪಿನಲ್ಲಿ ನಾನು, ಡ್ರೈವರು, ಮಿಲಿಟರಿಯವರು ಮಾರಿದ ಹಳೆಯ ಬ್ಯಾಟರಿ ಸೆಟ್ಟು. ರಸ್ತೆಯ ಕುಲುಕಾಟಕ್ಕೆ ದನಿ ಹೊಂದಿಸುವ ಗುಂಡಿಗಳು ಅಲ್ಲಾಡದಿರಲಿ ಎಂದು ಠಾಣೆಯಲ್ಲೇ ಸೆಟ್ಟನ್ನು ಹೊಂದಿಸಿ, ಅದರಲ್ಲಿದ್ದ ಒಂದು ಸಣ್ಣ ಬೀಗದ ಸ್ಕ್ರೂ ಬಿಗಿದಿದ್ದೆ. ಔರಾದದ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಸೆಟ್ಟು ಇಟ್ಟು, ಬೇವಿನ ಮರಕ್ಕೆ ತಂತಿ ಕಟ್ಟಿದೆ. ತಂತಿ ಕಟ್ಟುವುದರಲ್ಲೇ ಹೊತ್ತು ಹೋಗಿ, ಬೀಗ ಬಿಚ್ಚುವುದನ್ನೇ ಮರೆತೆ. ಬೀಪ್ ಕೇಳಿಸಿತು. ಏರಿದ ದನಿ. ಅಭ್ಯಾಸದಂತೆ ನನ್ನ ಕೈ ಗುಂಡಿಗೆ ಹೋಯಿತು, ಗುಂಡಿ ಅಲ್ಲಾಡಲಿಲ್ಲ. ಬೀಗ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ದನಿ ಜಾರತೊಡಗಿತು.

ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದ ಡ್ರೈವರು ತಲೆ ಎತ್ತಿದ. "ಯಾಕ್ರಿ ಸಾಹೇಬ್ರ, ಸೈಕಲ್ ಟೈರಿನ ಗಾಳಿ ಬಿಟ್ಟಂಗ ಇಳೀಲಾಕತ್ತದಲ್ರಿ?"

ಗುಂಡಿಯ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಿದ್ದೆ. ದನಿ ಇಳಿದಂತೆಲ್ಲ ಬೆರಳುಗಳು ಆ ಅಲ್ಲಾಡದ ಗುಂಡಿಯನ್ನು ತಿರುಗಿಸಲು ಒತ್ತುತ್ತಿದ್ದವು. ನಾನು ಒತ್ತು ಎಂದು ಹೇಳಿರಲಿಲ್ಲ. ಒಳ್ಳೆಯ ಆಪರೇಟರ್ ಎಂದರೆ ಇದೇ. ಗಾಳಿಗೆ, ಬಿಸಿಲಿಗೆ, ದೂರದ ಸ್ಟೇಶನ್ನಿನ ಸೋಮಾರಿತನಕ್ಕೆ ದನಿ ಆಚೀಚೆ ಆದರೆ ಅದನ್ನು ಸರಿಯಾದ ಶ್ರುತಿಗೆ ತಂದು ನಿಲ್ಲಿಸಬೇಕು, ಪಕ್ಕದಲ್ಲಿ ಬರೆಯುವವನಿಗೆ ಗೊತ್ತೂ ಆಗಬಾರದು. ಈ ವಿದ್ಯೆ ನನ್ನ ಕೈಗೆ ಬಂದದ್ದು ಉಸ್ತಾದರಿಂದ. ನನ್ನದು ಇಷ್ಟು ಒತ್ತುತ್ತಿದ್ದರೆ ಅವರದು ಎಷ್ಟು ಒತ್ತಬೇಕು? ನೌಬಾದದ ಸೆಟ್ಟಿಗೆ ಬೀಗದ ಸ್ಕ್ರೂ ಇರಲಿಲ್ಲ. ಹಾದಿ ಮುಗಿದ ಮೇಲೆ, ದನಿಯನ್ನು ನಯವಾಗಿ ಹೊಂದಿಸುವ ಸಣ್ಣ ಗುಂಡಿಯನ್ನು ಮತ್ತೆ ಗೆರೆಗೆ ತಂದು ನಿಲ್ಲಿಸುವುದೂ ಅವರ ಶಿಸ್ತು. ಹಾಗಾಗಿ ಗುರುತೂ ಉಳಿಯುತ್ತಿರಲಿಲ್ಲ. ಆಕಾಶ ಇಳಿಸಿದ ದನಿಯನ್ನು ಉಸ್ತಾದರ ಕೈ ಅಷ್ಟಕ್ಕಷ್ಟೇ ಏರಿಸಿ ಸಮ ಮಾಡುತ್ತಿತ್ತು.

ಖುಷಿಯಾಗಬೇಕಿತ್ತು. ತಪ್ಪು ಸಿಕ್ಕಿತಲ್ಲ. ಬದಲಿಗೆ, ಅಪ್ಪನ ಜೇಬಿನಲ್ಲಿ ಕೈ ಹಾಕಿ ಸಿಕ್ಕಿಬಿದ್ದವನಂತೆ ನಾಚಿಕೆಯಾಯಿತು.

ಮರಳುವಾಗ ಜೀಪನ್ನು ಭಾಲ್ಕಿಯ ಮೇಲೆ ಹಾಯಿಸಿದೆ. ಅಕ್ಕೋರು ಸಾಲೆಯ ಅಂಗಳದಲ್ಲೇ ಸಿಕ್ಕರು. ಪೆಟ್ಟಿಗೆಯ ಬಗ್ಗೆ ಆಡಿದ ಮಾತಿಗೆ ಮೊದಲು ಕ್ಷಮೆ ಕೇಳಿದೆ. ಆಮೇಲೆ ಔರಾದದ ಕಥೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನನಗ ಮೊದಲ ದಿನಾನೇ ಗೊತ್ತಾಗ್ಯದರಿ. ಪೆಟ್ಟಿಗಿ ಬಾರ್ಸೋರು ಮಂದಿ ಮಾರಿ ನೋಡಂಗಿಲ್ಲ, ಕೈ ನೋಡ್ತೀವಿ. ದನಿ ಇಳೀಲಾಕ ಹೋದ್ರ ಉಸ್ತಾದ್ ಸಾಹೇಬ್ರ ಕೈ ಅದನ್ನ ಎತ್ತತಿತ್ತು."

"ಮತ್ತ ಹೇಳಬಾರದೇನ್ರಿ ಅಕ್ಕೋರ?"

"ನಾ ಹ್ಯಾಂಗ ಹೇಳ್ಲಿರಿ? ಅವರು ಹಿರ್ಯಾರು, ನಾ ಅವರ ಠಾಣಾಕ್ಕ ಬಂದಾಕಿ. ಭಜನಿ ಬುವಾ ಹಾಡೋ ಮುಂದ ಶ್ರುತಿ ಬಿಟ್ರ, ಮಂದಿ ಎದುರಿಗಿ ಪೆಟ್ಟಿಗಿಯಾಕಿ ನಿಂದು ತಪ್ಪು ಅಂತಾಳೇನ್ರಿ?" ಆಮೇಲೆ ಸೇರಿಸಿದರು. "ಆದ್ರ ನೀವು ಅವರ ಶಿಷ್ಯರು. ನೀವು ಹೇಳಬೇಕ್ರಿ. ಒಬ್ಬರೇ ಇದ್ದಾಗ, ಬಾಯಿಬಿಟ್ಟು."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಉಸ್ತಾದರೇ, ನಿಮ್ಮ ಕೈ ಬಹಳ ಚಂದ, ಆದರೆ... ಆ 'ಆದರೆ' ದಾಟಿ ಮುಂದಿನ ಮಾತು ಹುಟ್ಟಲೇ ಇಲ್ಲ. ಗುರುವಿಗೇ ತಿರುಮಂತ್ರ ಹೇಳುವುದು ಹೇಗೆ? ಅದೂ ಅವರ ಕುರ್ಚಿಗೆ ನಾನೇ ಬರಬಹುದು ಎಂದು ಇಬ್ಬರಿಗೂ ಗೊತ್ತಿರುವಾಗ. ನಿಮ್ಮ ಕೈ ತಪ್ಪು ಎಂದರೆ, ಆ ಕುರ್ಚಿಗೆ ನಾನು ಟವೆಲ್ ಹಾಕಿದ ಹಾಗೆಯೇ ಕೇಳಿಸುತ್ತದೆ ಎಂದುಕೊಂಡೆ.

ಸಂಜೆ ಠಾಣೆಯ ಕಟ್ಟೆಯ ಮೇಲೆ ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದೆವು. ಔರಾದದಲ್ಲಿ ಸೆಟ್ಟು ಸರಿಯಾಗಿ ಕೆಲಸ ಮಾಡಲಿಲ್ಲ, ತಂತಿ ಗಟ್ಟಿ ಕೂತಿರಲಿಲ್ಲ ಎಂದು ಒಂದು ಹಸಿ ಸುಳ್ಳು ಹೇಳಿದೆ. ಉಸ್ತಾದರು ಹೂಂ ಎಂದರು. ಆಮೇಲೆ ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಕೊಂಡರು.

"ಒಮ್ಮೆ ಗಾಳಿ-ಮಳಿ ಅಂದ್ರ ಗಾಳಿ-ಮಳಿ ಬೇಟಾ. ಇಡೀ ಸಂಸ್ಥಾನದಾಗ ಒಬ್ಬರ ಆವಾಜ್ ಒಬ್ಬರಿಗಿ ಕೇಳಿಲ್ಲ. ನಾ ಮಧ್ಯಾಹ್ನ ಕುಂತಾವ ದೀಪ ಹಚ್ಚೋ ತನಕ ಒಂದ ಸ್ಟೇಶನ್ ಹಿಡಕೊಂಡ ಕುಂತೆ. ಬಿಡ್ಲಿಲ್ಲ. ಇದು ಕೈ ಅಲ್ಲ, ಇದೂ ಕಿವೀನೇ." ನಕ್ಕರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಬ್ಯಾರೆ ಏನರ ಹೇಳೋದದ ಏನು?"

"ಏನಿಲ್ರಿ ಉಸ್ತಾದ್," ಎಂದೆ.

ಅವರು ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಮಾತಿಗೆ ಬಾಗಿಲು ತೆರೆದು ನಿಂತಿದ್ದರು, ನಾನು ಒಳಗೆ ಹೋಗಲಿಲ್ಲ. ಉಳಿದ ಚಹಾವನ್ನು ಗಟಗಟನೆ ಕುಡಿದು ಎದ್ದುಬಿಟ್ಟೆ.

ಅಧಿಕಾರಿ ಬರುವ ದಿನ ಬಂತು. ಬೆಳಗಿನ ನಮಾಜಿಗೆಂದು ಉಸ್ತಾದರು ಹೋಗಿದ್ದಾಗ ನಾನು ಠಾಣೆಯ ಬಾಗಿಲು ಮುಂದೆ ಮಾಡಿ, ಸಣ್ಣ ಗುಂಡಿಯ ಸ್ಕ್ರೂ ಸಡಿಲಿಸಿದೆ. ಈಗ ಗುಂಡಿಯನ್ನು ಎಷ್ಟು ತಿರುಗಿಸಿದರೂ ಒಳಗಿನ ಸರಳು ತಿರುಗುವುದಿಲ್ಲ, ದನಿ ಬದಲಾಗುವುದಿಲ್ಲ. ಆದರೆ ಬರೀ ಸಡಿಲಿಸಿದರೆ ಗುಂಡಿ ಭಾರವಿಲ್ಲದೆ ಗರಗರ ತಿರುಗುತ್ತದೆ, ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕೆ ಮೋಂಬತ್ತಿಯ ಚೂರನ್ನು ಬೆರಳಿನಲ್ಲಿ ಬೆಚ್ಚಗೆ ಮಾಡಿ, ಗುಂಡಿಯ ತೂತಿನೊಳಗೆ ಬಳಿದು, ಮತ್ತೆ ಸರಳಿಗೆ ತೊಡಿಸಿದೆ. ತಿರುಗಿಸಿ ನೋಡಿದೆ. ಹಿತವಾದ ಭಾರ, ಮೊದಲಿನಂತೆಯೇ. ನನ್ನ ಕೈಚಳಕಕ್ಕೆ ನಾನೇ ತಲೆದೂಗಿದೆ. ಉಸ್ತಾದರ ಮಾನ ಉಳಿಯಿತು, ದರ್ಜೆ ಉಳಿಯಿತು, ಯಾರ ಬಾಯಿಂದಲೂ ಒಂದು ಕೆಟ್ಟ ಮಾತು ಬರಲಿಲ್ಲ ಎಂದು ಲೆಕ್ಕ ಹಾಕಿಕೊಂಡೆ.

ಅಧಿಕಾರಿ ತೆಳ್ಳಗಿನ, ಚುರುಕು ಮನುಷ್ಯ. ಕೋಟಿನ ಧೂಳನ್ನೂ ಕೊಡವದೆ ನೇರ ತಂತಿಯ ಕಂಬ ನೋಡಲು ಹೋದರು. ಬಂದು ಸೆಟ್ಟಿನ ಹಿಂದೆ ನಿಂತರು. "ನಿಮ್ಮ ಪಾಡಿಗೆ ನೀವು ಮಾಡಿ, ನಾನು ಇದೀನಿ ಅಂತಲೇ ಅಂದ್ಕೋಬೇಡಿ," ಎಂದರು. ಅಕ್ಕೋರು ಪೆಟ್ಟಿಗೆಯ ಮುಂದೆ ಕೂತರು. ನಾನು ಅವರ ಕಣ್ಣು ತಪ್ಪಿಸಿದೆ. ಉಸ್ತಾದರು ಹೆಡ್‌ಫೋನ್ ಹಾಕಿ, ದೊಡ್ಡ ಗುಂಡಿಯಿಂದ ಆ ಜಾಗ ಹುಡುಕಿ, ಕಾದರು. ಬೀಪ್ ಬಂತು. ಅವರ ಬಲಗೈ ಸಣ್ಣ ಗುಂಡಿಯ ಮೇಲೆ ಕೂತಿತು.

ಒಂದು ಗಳಿಗೆ ಆ ಕೈ ನಿಂತಂತೆ ನನಗೆ ಕಂಡಿತು. ಆಮೇಲೆ ಎಂದಿನಂತೆ ತಿರುಗತೊಡಗಿತು.

"ಕರಿ ಐದು," ಎಂದರು ಅಕ್ಕೋರು. "ಕರಿ ಐದು. ಬಿಳಿ ಆರು." ನಾನು ಗಡಿಯಾರ ನೋಡಿ ಬರೆದುಕೊಂಡೆ. "ಕರಿ ನಾಲ್ಕು. ಬಿಳಿ ಐದು." ಅಲ್ಲಿಂದ ಮುಂದೆ ದನಿ ಮೆಟ್ಟಿಲು ಬಿಟ್ಟು ಜಾರಿತು. ಕರಿ ಮೂರು, ಬಿಳಿ ಮೂರು, ಬಿಳಿ ಎರಡು ಎಂದು ಅವರು ಹೇಳುವುದಕ್ಕೂ ನಾನು ಬರೆಯುವುದಕ್ಕೂ ಪೈಪೋಟಿಯಾಯಿತು. ಕೆಳಗಿನ ಸಪ್ತಕಕ್ಕೆ ಇಳಿದು, ನಿಧಾನವಾಗಿ, ಗೊಗ್ಗರು ದನಿಯಾಗಿ ತೆಲಂಗಾಣದ ಕಡೆ ಮುಳುಗಿತು. ಉಸ್ತಾದರ ಕೈ ಕೊನೆಯ ಬೀಪಿನ ತನಕ ಮೆತ್ತಗೆ, ಶಾಂತವಾಗಿ ತಿರುಗುತ್ತಲೇ ಇತ್ತು. ಕೊನೆಗೆ ಗುಂಡಿಯನ್ನು ಗೆರೆಗೆ ತಂದು ನಿಲ್ಲಿಸಿದರು.

ಅಧಿಕಾರಿ ಅಲ್ಲೇ ಮೇಜಿನ ಮೇಲೆ ಹಾಳೆ ಹರಡಿ, ನಾನು ಬರೆದದ್ದನ್ನು ಚುಕ್ಕಿಗಳಾಗಿ ಇಟ್ಟು, ಗೆರೆ ಎಳೆದರು. ಮಲಗಿಸಿದ ಕುಡುಗೋಲಿನಂಥ ಒಂದು ಬಾಗು ಮೂಡಿತು. ಅವರು ತಂದಿದ್ದ ಪುಸ್ತಕದಲ್ಲಿದ್ದ ಹಾಗೇ ಇತ್ತು. ಅವರು ಎದ್ದು ಉಸ್ತಾದರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು.

"ಎಂಥ ಕೈ ಸ್ವಾಮಿ ನಿಮ್ದು. ಅಷ್ಟು ಗದ್ದಲದಲ್ಲಿ ಒಂದು ಬೀಪೂ ಬಿಡಲಿಲ್ಲ. ಹಿಂದಿನದೆಲ್ಲ ಏನೋ ಸೆಟ್ಟಿನ ದೋಷ ಇರಬೇಕು ಬಿಡಿ. ಈ ಕೈಗೆ ಯಾವ ಪರೀಕ್ಷೆ ಬೇಕ್ರೀ? ನಾನು ಹಾಗೇ ಬರೀತೀನಿ."

"ಮೆಹರ್ಬಾನಿ," ಎಂದರು ಉಸ್ತಾದರು. ತಲೆ ತಗ್ಗಿಸಿದ್ದರು. ವಿನಯ ಎಂದುಕೊಂಡರು ಅಧಿಕಾರಿ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ.

ಅಧಿಕಾರಿಯ ಗಾಡಿ ಹೋಯಿತು. ಅಕ್ಕೋರು ಭಾಲ್ಕಿಗೆ ಹೊರಟರು. ಹೋಗುವ ಮುಂದೆ, ಹೇಳಿದಿರೇನ್ರಿ ಎಂಬಂತೆ ನನ್ನನ್ನು ನೋಡಿದರು. ನಾನು ಪೆಟ್ಟಿಗೆ ಎತ್ತಿಕೊಡುವ ನೆವದಲ್ಲಿ ಬಗ್ಗಿದೆ. ಒಳಗೆ ಬಂದರೆ ಉಸ್ತಾದರು ಇನ್ನೂ ಸೆಟ್ಟಿನ ಮುಂದೆಯೇ ಕೂತಿದ್ದರು.

"ಸ್ಕ್ರೂಡ್ರೈವರ್ ಕೊಡು," ಎಂದರು.

ಕೊಟ್ಟೆ. ಅವರು ಸ್ಕ್ರೂ ಬಿಚ್ಚಲಿಲ್ಲ, ಅದು ಬಿಚ್ಚಿಯೇ ಇತ್ತಲ್ಲ. ಗುಂಡಿಯನ್ನು ಎರಡು ಬೆರಳಿನಲ್ಲಿ ಎಳೆದು ತೆಗೆದರು. ಸ್ಕ್ರೂಡ್ರೈವರಿನ ತುದಿಯಿಂದ ತೂತಿನೊಳಗಿನ ಮೇಣವನ್ನು ಕೆರೆದು, ಉಂಡೆ ಮಾಡಿ, ನನ್ನ ಅಂಗೈಯಲ್ಲಿ ಇಟ್ಟರು.

"ಮೇಣ ಜರಾ ಜಾಸ್ತಿ ಆಗ್ಯದ. ಗುಂಡಿ ಬಿರುಸಾಗಿತ್ತು."

ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ಬೈದಿದ್ದರೆ ಬದುಕುತ್ತಿದ್ದೆ. ನನಗೆ ಕೆಲಸ ಕಲಿಸುವಾಗ ಇದ್ದ ಅದೇ ದನಿಯಲ್ಲಿ ಹೇಳಿದರು. ಕೈ ಗುಂಡಿಗೆ ತಾಗಿದ ಗಳಿಗೆಯಲ್ಲೇ ಅವರಿಗೆ ತಿಳಿದಿತ್ತು. ದನಿ ಜಾರತೊಡಗಿದಾಗ ಯಾಕೆ ಎಂಬುದೂ ತಿಳಿದಿರಬೇಕು. ಇಷ್ಟು ದಿನ ಬೀದರಿನ ಲೆಕ್ಕ ಕೆಡಿಸಿದ್ದು ಯಾವ ಕೈ ಎಂಬುದೂ. ಅಷ್ಟೆಲ್ಲ ತಿಳಿದ ಮೇಲೂ, ಹಿಂದೆ ನಿಂತ ಅಧಿಕಾರಿಗೆ ನನ್ನ ಕಳ್ಳತನ ಗೊತ್ತಾಗಬಾರದೆಂದು, ಏನೂ ಮಾಡದ ಆ ಗುಂಡಿಯನ್ನು ಕೊನೆಯ ತನಕ ತಿರುಗಿಸುತ್ತ ಕೂತಿದ್ದರು.

"ಉಸ್ತಾದ್, ನಿಮ್ಮ ಮಾನ..." ಎಂದೆ.

"ಆ ದಿನ ಚಹಾ ಕುಡಿಯೋ ಮುಂದ ಕೇಳ್ದೆ ನಿನಗ," ಎಂದರು. "ಕೈ ತೆಗೀರಿ ಅಂದಿದ್ರ ತೆಗೀತಿದ್ದೆ ಬೇಟಾ. ಅದರಾಗ ಏನದ? ತೊಡಿ ಮ್ಯಾಲ ಇಟ್ಕೊಂಡ ಕುಂದ್ರತಿದ್ದೆ."

ಅಷ್ಟು ಸುಲಭವಿತ್ತು. ಅವರು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರೂ ಅದೇ ದನಿ ಇಳಿಯುತ್ತಿತ್ತು, ಅದೇ ಬಾಗು ಮೂಡುತ್ತಿತ್ತು. ಹಿಂದಿನ ತಪ್ಪು ಹೀಗಾಗಿತ್ತು ಎಂದು ಅಧಿಕಾರಿಗೆ ಅವರೇ ಹೇಳುತ್ತಿದ್ದರು. ಅಂಥವರು ಅವರು. ದರ್ಜೆ ಸಿಗುತ್ತಿತ್ತೋ ಇಲ್ಲವೋ, ಸಿಕ್ಕಿದ್ದರೆ ಅದು ಅವರದಾಗಿರುತ್ತಿತ್ತು. ಅಪಮಾನ ಆಗಬಾರದೆಂದು ನಾನು ಬಳಿದ ಮೇಣದಿಂದ, ಒಬ್ಬ ದೊಡ್ಡ ಕೆಲಸಗಾರ ಪರರ ಎದುರು ಬೊಂಬೆಯಾಟ ಆಡಬೇಕಾಯಿತು. ತಿದ್ದಿಕೊಳ್ಳಲಾರದ ಮುದುಕ ಎಂದು ನಾನು ಅವರನ್ನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಮರ್ಯಾದೆ ಎಂದು ನಾನು ಕರೆದದ್ದು ಅದನ್ನೇ.

ಮಳೆಗಾಲ ಮುಗಿಯುವ ಹೊತ್ತಿಗೆ ಹುಕುಂ ಬಂತು. ಉಸ್ತಾದರಿಗೆ ಮೊದಲ ದರ್ಜೆ, ಠಾಣೆ ಅವರದೇ. ಅಧಿಕಾರಿ ಆ ಕೈಯನ್ನು ಹೊಗಳಿ ಬರೆದಿದ್ದ ಸಾಲನ್ನು ನಾನೇ ಅವರಿಗೆ ಓದಿ ಹೇಳಬೇಕಾಯಿತು, ಕನ್ನಡ ಅಕ್ಷರ ಅವರಿಗೆ ಇನ್ನೂ ಕೂಡಿಬರುತ್ತಿರಲಿಲ್ಲ. ಆ ಸಾಲು ಬಂದಾಗ ನನ್ನ ದನಿ ಇಳಿಯಿತು. ಅವರು ಬೇಡ ಎನ್ನಲಿಲ್ಲ, ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಪೇಢೆ ತರಿಸಿ ಹಂಚಿದರು, ನನಗೂ ಒಂದು ಕೊಟ್ಟರು.

ಮರುದಿನ ಬೆಳಿಗ್ಗೆ ಉಪಗ್ರಹದ ಹಾದಿ ಇತ್ತು. ಅಕ್ಕೋರು ಬಂದು ಪೆಟ್ಟಿಗೆ ಬಿಚ್ಚಿದರು, ನಾನು ಗಡಿಯಾರ ಹೊಂದಿಸಿದೆ. ಉಸ್ತಾದರು ಎಂದಿನಂತೆ ಸೆಟ್ಟಿನ ತನಕ ಬಂದರು. ಕುರ್ಚಿಯನ್ನು ಎಳೆದು ನನ್ನ ಕಡೆ ತಿರುಗಿಸಿದರು, ಹೆಡ್‌ಫೋನನ್ನು ಒರೆಸಿ ನನ್ನ ಕೈಗೆ ಕೊಟ್ಟರು. ತಾವು ಗಡಿಯಾರದ ಪಕ್ಕ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಠಾಣೆಯಲ್ಲಿ ನಾನು ಇದ್ದಷ್ಟು ವರ್ಷ, ನನ್ನ ಎದುರಿಗೆ ಅವರು ಆ ಗುಂಡಿಯನ್ನು ಮತ್ತೆ ಮುಟ್ಟಲಿಲ್ಲ.

"ನೀನೇ ಕುಂದ್ರು ಬೇಟಾ," ಎಂದರು.